ಘಾಟ್ ಇಳಿಯುವ ಮುನ್ನ ಡ್ರಮ್ ಬ್ರೇಕ್ ತಪಾಸಣೆ

ಪುಣೆಯ ನಮ್ಮ ಸವಾರ ಬಳಗದ ಸದಸ್ಯರ ಗಮನಕ್ಕೆ. ಹಳೆಯ ಬೈಕುಗಳಲ್ಲಿ ತಾಮ್ಹಿಣಿ ಘಾಟ್ ಇಳಿದು ಕೊಂಕಣಕ್ಕೆ ಹೋಗುವವರು, ಮಳೆಗಾಲಕ್ಕೆ ಮೊದಲೇ ಚಕ್ರ ಬಿಚ್ಚಿಸಿ ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರವನ್ನು ತಡೆಯುವ ಬ್ರೇಕ್ ಶೂಗಳ ಲೈನಿಂಗ್ (ಉಜ್ಜುವ ಹೊದಿಕೆ) ಎಷ್ಟು ಸವೆದಿದೆಯೆಂದು ತಪ್ಪದೆ ನೋಡಿಕೊಳ್ಳಬೇಕು. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯಿದ್ದು, ಅದರ ಪುಡಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ, ಗ್ಯಾರೇಜಿನಲ್ಲಿ ಗಾಳಿ ಹೊಡೆದು ಧೂಳು ಹಾರಿಸಲು ಬಿಡದೆ ಒದ್ದೆ ಬಟ್ಟೆಯಿಂದಲೇ ಒರೆಸಲು ಹೇಳಿ. ಕೆಲಸ ಮಾಡುವ ಹುಡುಗರ ಆರೋಗ್ಯವೂ ನಮ್ಮ ಹೊಣೆ. ಶೂಗಳನ್ನು ಅಗಲಿಸುವ ಬ್ರೇಕ್ ಕ್ಯಾಮಿಗೆ ಗ್ರೀಸನ್ನು ತೆಳುವಾಗಿ ಮಾತ್ರ ಸವರಬೇಕು, ಏಕೆಂದರೆ ಹೆಚ್ಚಾದದ್ದು ಬಿಸಿಗೆ ಕರಗಿ ಲೈನಿಂಗ್‌ಗೆ ತಗುಲಿದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಅಂಥ ಶೂಗಳನ್ನು ಬದಲಿಸುವುದೇ ಕ್ಷೇಮ. ಹಿಂದಿನ ಬ್ರೇಕ್ ಪೆಡಲಿನ ಬಿಡುವು (ಬ್ರೇಕ್ ಹಿಡಿಯುವ ಮೊದಲು ಪೆಡಲ್ ಸುಮ್ಮನೆ ಇಳಿಯುವ ಅಂತರ) ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಇರುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನು ಸತತವಾಗಿ ಒತ್ತಿದರೆ ಡ್ರಮ್ ಕಾದು ಹಿಡಿತ ಕುಗ್ಗುವುದರಿಂದ, ಕೆಳಗಿನ ಗೇರಿನಲ್ಲೇ ಇಳಿಯಿರಿ.