ಚೆಕಿಂಗ್ ಚಾರ್ಜ್ ಯಾಕೆ ಅಂತ ಕೇಳ್ತಿರೋ ನಮ್ಮ ಗಾಡಿಯವ್ರಿಗೆಲ್ಲ

ನಮಸ್ಕಾರ. ಬರೋ 1ನೇ ತಾರೀಕಿಂದ ಮಿಸ್ಸಿಂಗ್ (ಇಂಜಿನ್ ತಡೆದು ತಡೆದು ಓಡೋದು), ಜರ್ಕ್ ಅಂತ ನಮ್ಮ ಗ್ಯಾರೇಜಿಗೆ ಬರೋ ಪಿಕಪ್ ಗಾಡಿಗಳಿಗೆ 800 ರೂಪಾಯಿ ಚೆಕಿಂಗ್ ಚಾರ್ಜ್ ಇರುತ್ತೆ. ಕೆಲಸ ನಮ್ಮಲ್ಲೇ ಮಾಡಿಸಿದ್ರೆ ಅಷ್ಟೂ ಲೇಬರ್‌ನಲ್ಲಿ ಕಳೀತೀವಿ. ಬೋರ್ಡ್ ಹಾಕಿ ನಾಲ್ಕು ದಿನ ಆಗಿಲ್ಲ, ಹಳಬರೇ ಫೋನ್ ಮಾಡಿ ಬೇಜಾರ್ ಮಾಡ್ಕೊಂಡ್ರು, ಅದಕ್ಕೆ ಬರೀತಿದೀವಿ.

ಎಲ್ರೂ ಕೇಳೋದು ಒಂದೇ. "ಸ್ಕ್ಯಾನರ್ ಸಿಕ್ಕಿಸಿದ್ರೆ ಏನ್ ಹೋಗಿದೆ ಅಂತ ಅದೇ ಹೇಳುತ್ತೆ, ಹತ್ತು ನಿಮಿಷಕ್ಕೆ 800 ಯಾಕಣ್ಣ?" ಇಲ್ಲ ಅಣ್ಣ, ಅದು ಹೇಳಲ್ಲ. ಗಾಡಿ ಕಂಪ್ಯೂಟರ್‌ನಲ್ಲಿರೋ ತೊಂದ್ರೆ ಕೋಡ್ ಮಾತ್ರ ಅದು ಓದುತ್ತೆ. ಪಿ 0087 ಅಂತ ಕೋಡ್ ಬಂತು ಅಂದ್ರೆ ರೈಲ್‌ನಲ್ಲಿ (ಇಂಜಿನ್‌ಗೆ ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚೋ ಪೈಪು) ಡೀಸೆಲ್ ಪ್ರೆಷರ್ ಕಮ್ಮಿ ಅಂತ ಅಷ್ಟೇ ಅರ್ಥ, ಯಾಕೆ ಕಮ್ಮಿ ಅನ್ನೋದು ಅದ್ರಲ್ಲಿರಲ್ಲ. ಫಿಲ್ಟರ್ ಕಟ್ಟಿರಬಹುದು, ಡೀಸೆಲ್‌ಗೆ ನೀರು ಸೇರಿರಬಹುದು, ಇಂಜೆಕ್ಟರ್ ರಿಟರ್ನ್ (ಇಂಜೆಕ್ಟರ್‌ನಿಂದ ವಾಪಸ್ ಹೋಗೋ ಡೀಸೆಲ್) ಜಾಸ್ತಿ ಆಗಿರಬಹುದು, ಪಂಪೇ ಸೋತಿರಬಹುದು. ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಇಂಜಿನ್ ಓಡ್ತಿರುವಾಗ) ಆ ಪ್ರೆಷರ್ 300 ಬಾರ್ ಆಸುಪಾಸಿದ್ರೆ ಸಾಕು, ಲೋಡ್ ಎಳೆಯುವಾಗ ಸಾವಿರ ಬಾರ್ ದಾಟಬೇಕು, ಅದಕ್ಕೇ ಶೆಡ್‌ನಲ್ಲಿ ನಿಂತಾಗ ಗಡಿಯಾರದ ಥರ ಓಡೋ ಇಂಜಿನ್ ಫ್ಲೈಓವರ್ ಹತ್ತುವಾಗ ಮುಗ್ಗರಿಸುತ್ತೆ. ಕೋಡೇ ಬರದೆ ಬರೀ ಟರ್ಬೋ ಪೈಪ್ ಸೀಳಿ ಗಾಳಿ ಹೋಗ್ತಿರೋ ಕೇಸೂ ಇರುತ್ತೆ. ಸಿಎನ್‌ಜಿ ಗಾಡಿ ಆದ್ರೆ ಕಿಡಿ ಹೊತ್ತಿಸೋ ಪ್ಲಗ್, ಕಾಯಿಲ್‌ನಿಂದ ಶುರು ಮಾಡ್ಬೇಕು.

ಹೋದ ತಿಂಗಳದ್ದೇ ಹೇಳ್ತೀವಿ, ತಪ್ಪು ನಮ್ದೇ. ಯಶವಂತಪುರ ಯಾರ್ಡ್‌ಗೆ ಈರುಳ್ಳಿ ಹೊಡೆಯೋ ಗಾಡಿ, ಖಾಲಿ ಇದ್ರೆ ಏನೂ ತೊಂದ್ರೆ ಇಲ್ಲ, ಲೋಡ್ ಹಾಕಿ ಮೂರನೇ ಗೇರ್‌ನಲ್ಲಿ ಪೆಡಲ್ ಪೂರ್ತಿ ಒತ್ತಿದ್ರೆ ಜರ್ಕ್. ಅವ್ರಿಗೆ ಅರ್ಜೆಂಟು, ನಾವೂ ಕೋಡ್ ನೋಡಿ ಪಂಪ್ ಬಿಚ್ಚಿ ಟೆಸ್ಟಿಂಗ್‌ಗೆ ಕಳಿಸಿಬಿಟ್ವಿ, ಪಂಪ್ ಸರಿ ಇದೆ ಅಂತ ವಾಪಸ್ ಬಂತು. ಆಮೇಲೆ ಫಿಲ್ಟರ್ ಹಿಂದೆ ಒಂದು ಗೇಣು ಟ್ರಾನ್ಸ್‌ಪರೆಂಟ್ ಪೈಪ್ ಹಾಕಿ ರೇಸ್ ಮಾಡಿದ್ರೆ ಡೀಸೆಲ್ ಜೊತೆ ಸಾಲು ಸಾಲು ಗುಳ್ಳೆ ಓಡ್ತಿದೆ! ಟ್ಯಾಂಕ್ ಹತ್ರ ರಬ್ಬರ್ ಹೋಸ್ ಕ್ಲಿಪ್ಪಲ್ಲಿ ಸಣ್ಣಗೆ ಬಿರುಕು ಬಿಟ್ಟು ಗಾಳಿ ಎಳ್ಕೊಳ್ತಿತ್ತು. ಒಂದು ಮೊಳ ಹೋಸು, ಎರಡು ಕ್ಲಿಪ್ಪಿಗೆ ಮುಗಿಯೋ ಕೆಲಸಕ್ಕೆ ಅವ್ರ ಎರಡು ದಿನದ ಬಾಡಿಗೆ ಹೋಯ್ತು. ಪಂಪ್ ಬಿಚ್ಚಿದ ಲೇಬರ್ ದುಡ್ಡು ನಾವು ಮುಟ್ಟಿಲ್ಲ, ಆದ್ರೂ ಅವ್ರ ಮುಖ ನೋಡೋಕೆ ಕಷ್ಟ ಆಯ್ತು, ಕ್ಷಮೆ ಕೇಳಿದೀವಿ, ಇಲ್ಲೂ ಕೇಳ್ತೀವಿ.

ಆ ಥರ ಇನ್ನೊಂದ್ಸಲ ಆಗ್ಬಾರ್ದು ಅಂತಲೇ ಈ ಚಾರ್ಜ್. ನಾಲ್ಕು ಇಂಜೆಕ್ಟರ್‌ಗೂ ಬಾಟ್ಲಿ ಕಟ್ಟಿ ರಿಟರ್ನ್ ಅಳೀಬೇಕು, ಲೋಡ್ ಇರೋ ಗಾಡೀಲೇ ಟ್ರಯಲ್ ಹೋಗ್ಬೇಕು, ಒಬ್ರು ಓಡಿಸ್ತಾ ಇನ್ನೊಬ್ರು ಸ್ಕ್ಯಾನರ್‌ನಲ್ಲಿ ಪ್ರೆಷರ್ ನೋಡ್ಬೇಕು, ತುಮಕೂರು ರೋಡಲ್ಲಿ ಪೆಡಲ್ ಪೂರ್ತಿ ಒತ್ತೋಕೆ ಜಾಗ ಸಿಗೋದು ಬೆಳಗಿನ ಜಾವ ಮಾತ್ರ. ಇಬ್ರ ಅರ್ಧ ದಿನ ಅಲ್ಲಿಗೇ ಹೋಗುತ್ತೆ. ಸ್ಕ್ಯಾನರ್‌ಗೂ ವರ್ಷ ವರ್ಷ ಅಪ್‌ಡೇಟ್ ದುಡ್ಡು ಕಟ್ಟಬೇಕು, ಇಲ್ಲ ಅಂದ್ರೆ ಹೊಸ ಬಿಎಸ್ 6 (ಈಗಿನ ಹೊಗೆ ನಿಯಮದ) ಗಾಡಿ ಅದು ಓದೋದೇ ಇಲ್ಲ. ಇಷ್ಟು ದಿನ ಇದನ್ನೆಲ್ಲ ನಾವೇ ತಡ್ಕೊಂಡ್ವಿ.

"ಜಿಎಸ್‌ಟಿ ಇಳೀತಲ್ಲ, ನೀವ್ ಯಾಕೆ ಏರಿಸ್ತೀರಿ" ಅಂತ ಕೆಲವ್ರು ಅಂದ್ರು, ಅದು ನಿಜಕ್ಕೂ ನೋವಾಯ್ತು. 2025 ಸೆಪ್ಟೆಂಬರ್ 22ರಿಂದ 28 ಇದ್ದ ಸ್ಪೇರ್ಸ್ ಮೇಲೆ 18 ಪರ್ಸೆಂಟ್ ಆಯ್ತು, ಅವತ್ತಿಂದಲೇ ನಿಮ್ಮ ಬಿಲ್ಲಲ್ಲೂ ಇಳಿಸಿದೀವಿ, ಹಳೇ ಬಿಲ್ ಇದ್ರೆ ಪಕ್ಕ ಇಟ್ಟು ನೋಡಿ. ಲೇಬರ್ ಮೇಲೆ ಆಗಲೂ 18, ಈಗಲೂ 18.

ಬರೀ ಫಿಲ್ಟರ್ ಕಟ್ಟಿರೋದು ಅಂತ ಗಾಡಿ ನಿಲ್ಲಿಸ್ತಿದ್ದ ಹಾಗೇ ಗೊತ್ತಾದ್ರೆ 800 ಕೇಳಲ್ಲ. ಪಾರ್ಟ್ ಬದಲಾಯಿಸೋ ಮುಂಚೆ ನಿಮ್ಮನ್ನ ಕರೆದು ಗುಳ್ಳೆನೋ ಬಾಟ್ಲಿನೋ ಕಣ್ಣಾರೆ ತೋರಿಸ್ತೀವಿ, ಒಪ್ಪಿದ್ಮೇಲೇ ಸ್ಪ್ಯಾನರ್ ಮುಟ್ಟೋದು. ಬೆಳಿಗ್ಗೆ 6 ಗಂಟೆಗೇ ಬಾಗ್ಲು ತೆಗೆದಿರ್ತೀವಿ. ಒಂದೇ ಕೇಳ್ಕೊಳ್ಳೋದು, ಜರ್ಕ್ ತೋರಿಸೋಕೆ ಬರೋವಾಗ ದಯವಿಟ್ಟು ಲೋಡ್ ಇಳಿಸಿ ಬರಬೇಡಿ.