ಎಕ್ಸ್‌ಎಂಎಲ್ ಫೈಲ್ ಜೊತೆ ಒದ್ದಾಡುತ್ತಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. "ಟ್ಯಾಗ್ ಫೈಲ್‌ನಲ್ಲೇ ಇದೆ, ಫೈಂಡ್‌ಆಲ್‌ಗೆ (ಟ್ಯಾಗ್ ಹುಡುಕುವ findall ಫಂಕ್ಷನ್) ಮಾತ್ರ ಸಿಗ್ತಿಲ್ಲ" ಅಂತ ಪದೇ ಪದೇ ಪ್ರಶ್ನೆ ಬರುತ್ತಿದೆ. ಪೈಥಾನ್‌ನಲ್ಲಿ ಎಕ್ಸ್‌ಎಂಎಲ್ ಓದುವ ಎಲಿಮೆಂಟ್‌ಟ್ರೀ (ElementTree) ಲೈಬ್ರರಿಯ ಫೈಂಡ್‌ಆಲ್‌ಗೆ ಬರೀ ಟ್ಯಾಗ್ ಹೆಸರು ಕೊಟ್ಟರೆ ಅದು ನೇರ ಮಕ್ಕಳನ್ನಷ್ಟೇ, ಅಂದರೆ ಒಂದೇ ಹಂತ ಒಳಗಿರುವ ಟ್ಯಾಗ್‌ಗಳನ್ನಷ್ಟೇ ನೋಡುತ್ತದೆ. ಮೊಮ್ಮಕ್ಕಳ ಕಡೆ ತಿರುಗಿಯೂ ನೋಡುವುದಿಲ್ಲ. ಹೆಸರಿಗೆ ಮೊದಲು .// ಹಾಕಿ, ಇಲ್ಲವೇ ಎಲ್ಲ ಹಂತಗಳನ್ನೂ ನೋಡುವ ಇಟರ್ (iter) ಬಳಸಿ. ಆಗಲೂ ಸಿಗದಿದ್ದರೆ ಫೈಲ್‌ನ ಮೇಲ್ಗಡೆ ನೇಮ್‌ಸ್ಪೇಸ್ (xmlns ಅಂತ ಬರೆದಿರುವ, ಟ್ಯಾಗ್‌ಗಳ ಮನೆಹೆಸರಿನಂಥದ್ದು) ಇದೆಯಾ ಅಂತ ನೋಡಿ. ಇದ್ದರೆ ಬರೀ ಹೆಸರು ಸಾಲದು, ಅದನ್ನೂ ಸೇರಿಸಿಯೇ ಹುಡುಕಬೇಕು.

ಪ್ರಿಂಟ್ ಮಾಡುವಾಗ ನಮಗೆ ಕನ್ನಡದವರಿಗೆ ಇನ್ನೊಂದು ತಲೆನೋವು. ಎಕ್ಸ್‌ಎಂಎಲ್ ಅನ್ನು ಮತ್ತೆ ಬರಹವಾಗಿಸುವ ಟುಸ್ಟ್ರಿಂಗ್ (tostring) ಸುಮ್ನೆ ಕರೆದರೆ 'ಕ' ಇರುವ ಕಡೆಯೆಲ್ಲ ಕ ಅಂತ ಬರುತ್ತದೆ. ಗಾಬರಿ ಬೇಡ, ಡೇಟಾ ಕೆಟ್ಟಿಲ್ಲ. ನಾವು ಏನೂ ಹೇಳದಿದ್ದರೆ ಟುಸ್ಟ್ರಿಂಗ್ ಆಸ್ಕಿಯಲ್ಲೇ (ASCII, ಕನ್ನಡ ಅಕ್ಷರಗಳಿಲ್ಲದ ಹಳೆಯ ಎನ್‌ಕೋಡಿಂಗ್) ಬರೆಯುತ್ತದೆ, ಅಷ್ಟೇ. ಎನ್‌ಕೋಡಿಂಗ್ ಜಾಗದಲ್ಲಿ 'ಯೂನಿಕೋಡ್' ಅಂತ ಕೊಡಿ (encoding='unicode'), ಅಕ್ಷರಗಳು ಅಕ್ಷರಗಳಾಗಿಯೇ ಕಾಣುತ್ತವೆ.

ಎಲ್ಲವೂ ಒಂದೇ ಸಾಲಿನಲ್ಲಿ ಬಂದರೆ ಪ್ರಿಂಟ್‌ಗೆ ಮೊದಲು, ಸಾಲು ಬಿಡಿಸಿ ಜೋಡಿಸುವ ಇಂಡೆಂಟ್ (indent) ಕರೆಯಿರಿ. ಪೈಥಾನ್ 3.9ರಿಂದ ಇದೆ. ಇದು ಟ್ರೀಯನ್ನೇ (ಓದಿಕೊಂಡ ಎಕ್ಸ್‌ಎಂಎಲ್ ಅನ್ನೇ) ಬದಲಿಸುತ್ತದೆ, ಏನನ್ನೂ ವಾಪಸ್ ಕೊಡುವುದಿಲ್ಲ. ಹಾಗಾಗಿ ಇಂಡೆಂಟ್ ಅನ್ನೇ ಪ್ರಿಂಟ್ ಒಳಗೆ ಹಾಕಿದರೆ ಸಿಗುವುದು ಬರೀ 'ನನ್' (None, ಅಂದರೆ ಏನೂ ಇಲ್ಲ).

ದಯವಿಟ್ಟು ಕೋಡ್‌ನ ಸ್ಕ್ರೀನ್‌ಶಾಟ್ ಬೇಡ, ಟೆಕ್ಸ್ಟ್ ಆಗಿ ಹಾಕಿ. ಫೈಲ್‌ನ ಮೊದಲ ನಾಲ್ಕೈದು ಸಾಲೂ ಜೊತೆಗಿರಲಿ.