ಗಜನಿ ಮಣ್ಣಿನ ಬ್ಯಾಕ್ಟೀರಿಯಾ ಹುಡುಕಿ

ಸಂಪಾದಕರೇ,

ಅಘನಾಶಿನಿ ನದಿ ದಂಡೆಯ ಗಜನಿ ಗದ್ದೆಗಳ, ಅಂದರೆ ಉಬ್ಬರದ ಉಪ್ಪು ನೀರು ನುಗ್ಗುವ ಗದ್ದೆಗಳ, ಮಾತು ಬಂದರೆ ಚರ್ಚೆ ಒಡ್ಡು, ಗೇಟು, ಸಿಗಡಿ ಇಷ್ಟರಲ್ಲೇ ಮುಗಿಯುತ್ತದೆ. ಒಡ್ಡು ಗಟ್ಟಿ ಇರಬೇಕು, ಸರಿ. ಮಣ್ಣಿನೊಳಗಿನ ಜೀವಿಗಳ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ.

ನಮ್ಮ ಊರ ಭತ್ತದ ತಳಿ ಕಗ್ಗ ಉಪ್ಪು ತಡೆಯುತ್ತದೆ. ಮಾಮೂಲಿ ಭತ್ತ ಹಾಗಲ್ಲ. ಮಣ್ಣಿನ ಲವಣಾಂಶ ಮೀಟರಿಗೆ 3 ಡೆಸಿಸೀಮೆನ್ಸ್ (ಉಪ್ಪಿನಂಶ ಅಳೆಯುವ ಮಾನ) ದಾಟಿದರೆ ಇಳುವರಿ ಇಳಿಯತೊಡಗುತ್ತದೆ. ಉಪ್ಪು ತಾಗಿದ ಗಿಡದಲ್ಲಿ ಎಥಿಲೀನ್ ಎಂಬ ಹಾರ್ಮೋನು ಜಾಸ್ತಿಯಾಗಿ ಬೇರು ಬೆಳೆಯುವುದೇ ನಿಧಾನವಾಗುತ್ತದೆ. ಬೇರಿನ ಸುತ್ತ ಇರುವ ಕೆಲವು ಬ್ಯಾಕ್ಟೀರಿಯಾಗಳು ಎಥಿಲೀನ್ ಆಗುವ ಮೊದಲೇ ಅದರ ಕಚ್ಚಾ ವಸ್ತುವನ್ನು ಒಡೆದು ತಾವೇ ತಿಂದುಬಿಡುತ್ತವೆ. ಇನ್ನು ಕೆಲವು ಅಂಟು ಸ್ರವಿಸಿ ಸೋಡಿಯಂ ಹಿಡಿದಿಟ್ಟುಕೊಳ್ಳುತ್ತವೆ. ಆಗ ಬೇರಿನೊಳಗೆ ಹೋಗುವ ಉಪ್ಪು ಕಡಿಮೆ. ಹಾಗಂತ ಇವು ಮಣ್ಣಿನ ಉಪ್ಪನ್ನೇ ತೆಗೆದುಬಿಡುವುದಿಲ್ಲ. ಬ್ಯಾಕ್ಟೀರಿಯಾದ ಬಾಟಲಿ ಮಾರಲು ಬಂದು ಯಾರಾದರೂ ಹಾಗೆ ಹೇಳಿದರೆ ಸುಮ್ನೆ ನಂಬಬೇಡಿ.

ಹರಿಯಾಣದ ಕರ್ನಾಲ್‌ನಲ್ಲಿ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ 1969ರಿಂದಲೂ ಇದೆ. ಆದರೆ ಅಲ್ಲಿನ ಬಯಲು ನೆಲ ಬೇರೆ, ಉಬ್ಬರದ ನೀರು ನುಗ್ಗುವ ನಮ್ಮ ಗದ್ದೆ ಬೇರೆ. ಅಲ್ಲಿ ಗೆದ್ದ ಬ್ಯಾಕ್ಟೀರಿಯಾ ಇಲ್ಲಿ ಮಳೆಗಾಲದ ನಿಂತ ನೀರಲ್ಲಿ ಬದುಕಬೇಕಲ್ವಾ? ತಲೆಮಾರುಗಳಿಂದ ಕಗ್ಗ ಬೆಳೆದ ಮಣ್ಣಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಉಪ್ಪಿಗೆ ಒಗ್ಗಿದ ಬ್ಯಾಕ್ಟೀರಿಯಾ ಹುಡುಕುವುದು ನನಗೆ ಹೆಚ್ಚು ಸರಿ ಅನಿಸುತ್ತದೆ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಕುಮಟಾ, ಅಂಕೋಲಾ ಕಡೆಯ ಒಂದೆರಡು ಗದ್ದೆಗಳಲ್ಲಿ ಇಂಥ ಬ್ಯಾಕ್ಟೀರಿಯಾವನ್ನು ಬಿತ್ತುವ ಮೊದಲು ಬೀಜಕ್ಕೆ ಹಚ್ಚಿ (ಬೀಜೋಪಚಾರ) ನೋಡಲಿ. ಪಕ್ಕದ ಗದ್ದೆಗೆ ಏನೂ ಹಾಕದೆ ಬಿಡಲಿ, ವ್ಯತ್ಯಾಸ ರೈತರ ಕಣ್ಣಿಗೇ ಕಾಣಬೇಕು. ಬಿತ್ತನೆ ಮಳೆ ಶುರುವಾದ ಮೇಲೆ, ಆದ್ದರಿಂದ ಮಣ್ಣಿನ ಮಾದರಿ ಬೇಸಿಗೆಯಲ್ಲೇ ತೆಗೆದುಕೊಂಡು ಹೋಗಲಿ.

— ಒಬ್ಬ ಗಜನಿ ರೈತ, ಕುಮಟಾ